ನಿನ್ನನ್ನು ಬಿಟ್ಟ ನಾವು

ಏಪ್ರಿಲ್ 26, ಭಾನುವಾರ. ಕುಸ್ಕೊ.

ಟೆಂಟಿನ ಗೂಟ ಎಣಿಸಿದೆ. ಎರಡು ಕಡಿಮೆ. ಪ್ರತಿ ಸಲವೂ ಎರಡು ಕಡಿಮೆ. ಯಾರು ತಿನ್ನುತ್ತಾರೋ.

ಟ್ರೆಕ್ಕಿಂಗ್ ಆಫೀಸಿನಿಂದ ಫೋನು. ಅಡುಗೆಯವಳು ಬರುವುದಿಲ್ಲವಂತೆ, ಹಲ್ಲುನೋವಂತೆ. "ಇಬ್ರೇ ಅಲ್ವಾ ಲಿಂಡಾ, ನೀನೇ ಬೇಯ್ಸಿ ಹಾಕ್ಬಿಡು." ಆಗಲಿ. ದಾರಿಯನ್ನೂ ನಾನೇ ತೋರಿಸುತ್ತೇನೆ, ಅಡುಗೆಯನ್ನೂ ನಾನೇ ಮಾಡುತ್ತೇನೆ, ಹೇಸರಗತ್ತೆಗೆ ಸುಸ್ತಾದರೆ ಅದನ್ನೂ ಹೊತ್ತುಕೊಂಡು ಹೋಗುತ್ತೇನೆ. ನನ್ನ ಹೆಸರು ಹೆರ್ಮೆಲಿಂಡಾ. ಹನ್ನೊಂದು ವರ್ಷದಿಂದ ಹೇಳಿ ಹೇಳಿ ಬಾಯಿ ನೋಯಿತು.

ತಗಡಿನ ಶಿಲುಬೆ ಸಿದ್ಧವಾಯಿತು. ಸೂರ್ಯ, ಚಂದ್ರ, ಪುಟ್ಟ ಏಣಿ, ಹುಂಜ — ಎಲ್ಲ ಇದೆ. ಅದರ ಎರಡು ಪಕ್ಕ ನಿಲ್ಲಿಸುವ ಮಣ್ಣಿನ ಹೋರಿಗಳನ್ನು ಹುಲ್ಲು ಸುತ್ತಿ ಡಬ್ಬಕ್ಕೆ ಹಾಕಿದೆ. ಗುರುವಾರ ಮರಂಪಾತದಲ್ಲಿ ತಮ್ಮನ ಹೊಸ ಮನೆಗೆ ಮಾಡು ಹೊದಿಸುವ ದಿನ. ಮಾಡಿನ ಧರ್ಮತಾಯಿ ನಾನು. ನಾನು ಶಿಲುಬೆ ತಂದು ಮೊದಲ ಮೊಳೆ ಹೊಡೆಯದೆ ನೆತ್ತಿಯ ತಗಡು ಮುಚ್ಚುವ ಹಾಗಿಲ್ಲ. ಪುಣ್ಯಕ್ಕೆ ಗುಂಪಿನ ದಾರಿಯೂ ಅದೇ. ಗುರುವಾರ ಸಂಜೆ ಮರಂಪಾತದಲ್ಲೇ ತಂಗುವುದು.

ಯುಲೋಹಿಯಾ ಫೋನು ಮಾಡಿದ್ದಳು. ತಮ್ಮನ ಹೆಂಡತಿ. ನನ್ನನ್ನೇ ಧರ್ಮತಾಯಿ ಮಾಡಬೇಕೆಂದು ಹಟ ಹಿಡಿದವಳೂ ಅವಳೇ. "ಅತ್ತಿಗೆ, ನಾಲ್ಕು ಗಂಟೆಗೆ ಊರಿಗೂರೇ ಕೈಜೋಡ್ಸೋಕೆ ಬರತ್ತೆ. ಈ ಸಲ ತಡ ಮಾಡ್ಬೇಡಿ." ಈ ಸಲ ಅಂದಳು. ಆಮೇಲೆ ತಮ್ಮ ಗ್ರಿಮಾಲ್ಡೊ ಕೈಗೆ ಫೋನು ಕೊಟ್ಟಳು. "ವಾಸೀಕು ಮುಗೀತಾ ಬಂತು. ಬಂದ್ರೆ ಬಾ."

ವಾಸೀಕು. ನಮ್ಮ ಮನೆ. ನಿನ್ನದಲ್ಲದ ನಮ್ಮ ಮನೆ. ಸರಿ, ಗೊತ್ತಾಯಿತು, ಮಾರಾಯ.

ಏಪ್ರಿಲ್ 29, ಬುಧವಾರ. ಚಿಕಿಸ್ಕ, ಸಂಜೆ 5.

ಗುಂಪು ಅಂದರೆ ಲಿಮಾದ ಗಂಡ ಹೆಂಡತಿ. ದೋನ್ ಔರೇಲಿಯೊ, ಎಪ್ಪತ್ತೊಂದು, ನಿವೃತ್ತ ನೋಟರಿ. ದೋನ್ಯಾ ಮಿರ್ತಾ, ಟೀಚರಾಗಿದ್ದವರು. ಮದುವೆಯಾಗಿ ನಲವತ್ತಾರು ವರ್ಷವಂತೆ. ಎಷ್ಟು ಎತ್ತರ, ಎಷ್ಟು ದೂರ, ಎದೆ ಎಷ್ಟು ಸಲ ಬಡಿಯಿತು, ಎಲ್ಲ ಹೇಳುವ ಗಡಿಯಾರ ದೋನ್ ಔರೇಲಿಯೊ ಕೈಯಲ್ಲಿದೆ. ಕಿವಿ ಮಂದ, ಯಂತ್ರ ಹಾಕುತ್ತಾರೆ. ಹೆಂಡತಿ ಮಾತು ಶುರುಮಾಡಿದ ಕೂಡಲೇ ತೆಗೆಯುತ್ತಾರೆ.

ಇಡೀ ಇಳಿಜಾರು ಇದೇ ಕಥೆ:

"ಇನ್ನೆಷ್ಟು ದೂರ ಲಿಂಡಾ?"

"ಇಲ್ಲೇ ಸರ್."

"ಇಲ್ಲೇ ಅಂದ್ರೆ ಎಷ್ಟು ಮೀಟರು? ಒಂದೂವರೆ ಗಂಟೆ ಹಿಂದೇನೂ ಇಲ್ಲೇ ಅಂದಿದ್ದೆ. ಬರ್ಕೊಡ್ತೀಯಾ, ಸಹಿ ಹಾಕಿ?"

ನಿಕಾಸಿಯೊ ಹಿಂದಿನಿಂದ ಕಿಸಕ್ಕನೆ ನಕ್ಕ. ಹೇಸರಗತ್ತೆ ಹೊಡೆಯುವವನು, ಕಾಚೋರ ಊರಿನ ಮುದುಕ. ಅವನ ದೊಡ್ಡ ಹೇಸರಗತ್ತೆಯ ಹೆಸರು ಮೇಯರ್. ಶಿಲುಬೆಯ ಡಬ್ಬ ಮೇಯರ್ ಬೆನ್ನಿನ ಮೇಲಿದೆ. "ಮೇಯರ್ ಸಾಹೇಬ್ರು ನಿಮ್ಗಿಂತ ಮುಂಚೆ ತಲುಪ್ತಾರೆ, ದೋನ್ ಔರೇಲಿಯೊ. ಅವ್ರು ಯಾರನ್ನೂ ದೂರ ಕೇಳಲ್ಲ."

ಬಿಸಿಲು, ಧೂಳು, ಕಚ್ಚುವ ಸಣ್ಣ ನೊಣ. ಸೂಪು ಮಾಡಿದೆ. ಉಪ್ಪು ಹೆಚ್ಚು ಅಂದರು ಅವರು. ಉಪ್ಪೇ ಇಲ್ಲ ಅಂದರು ಇವರು. ಒಂದೇ ಪಾತ್ರೆಯದು.

ಮಿರ್ತಾಗೆ ನಮ್ಮ ಕೆಚುವಾ ಭಾಷೆ ಕಲಿಯುವ ಹುಚ್ಚು. ಸೂಪು ಬೇಯುತ್ತಿದ್ದಾಗಲೇ ಪುಟ್ಟ ನೋಟುಬುಕ್ಕು ಹಿಡಿದು ಒಲೆಯ ಪಕ್ಕಕ್ಕೇ ಬಂದು ಕೂತಿದ್ದರು. "ನಮ್ಮ ಮನೆ ಅನ್ನೋಕೆ ಏನಂತೀರಿ?" ಎರಡಿವೆ ಅಂದೆ. ವಾಸಿಂಚಿಸ್ ಅಂದರೆ ಎದುರಿಗಿರುವವರನ್ನೂ ಸೇರಿಸಿಕೊಂಡ ನಮ್ಮ ಮನೆ. ವಾಸೀಕು ಅಂದರೆ ನಮ್ಮದು, ನಿಮ್ಮದಲ್ಲ. ನಮ್ಮಲ್ಲಿ "ನಾವು" ಅನ್ನುವಾಗಲೆಲ್ಲ ಇದನ್ನು ತೀರ್ಮಾನಿಸಿಯೇ ಬಾಯಿ ತೆರೆಯಬೇಕು. ದೇವರ ಪ್ರಾರ್ಥನೆಯಲ್ಲಿ "ನಮ್ಮ ತಂದೆ" ಅನ್ನುವುದು ಸಹ ದೇವರನ್ನು ಬಿಟ್ಟ "ನಮ್ಮ". ಅವನೇ ಅವನಿಗೆ ತಂದೆಯಾಗುವುದಕ್ಕಾಗುತ್ತದೆಯೇ.

"ಅಯ್ಯೋ, ಎಷ್ಟು ಕಷ್ಟ! ಹೊರಗಿನವ್ರಿಗೆ ಬೇಜಾರಾಗಲ್ವಾ?" ಅಂದರು.

ಆಗುತ್ತದೆ ಅಂದೆ. ಸೂಪು ಉಕ್ಕಿ ಒಲೆ ಆರಿತು.

ಏಪ್ರಿಲ್ 30, ಗುರುವಾರ. ಚಿಕಿಸ್ಕ, ಬೆಳಿಗ್ಗೆ 8:40.

ಇನ್ನೂ ಚಿಕಿಸ್ಕ. ಐದಕ್ಕೆ ಹೊರಡಬೇಕಿತ್ತು!

ಕಿವಿಯ ಯಂತ್ರ ಕಾಣೆ. ಲೋಟದಲ್ಲಿ ಇಟ್ಟಿದ್ದೆ, ಲೋಟ ತೊಳೆದವಳು ಲಿಂಡಾ, ಆದ್ದರಿಂದ ಚೆಲ್ಲಿದವಳು ಲಿಂಡಾ — ಹೀಗೆ ನೋಟರಿ ತೀರ್ಪು. ಮೂರು ಗಂಟೆ ಹುಲ್ಲು ಕೆದಕಿದೆ. ಮೊಣಕಾಲಿಗೆ ಮುಳ್ಳು. ಮಿರ್ತಾ ಕೂಗಿ ಕೂಗಿ ಬೈದರು. ಅವರಿಗೆ ಕೇಳಿಸಲಿಲ್ಲ. ಅದೇ ತಾನೇ ತೊಂದರೆ. ಕೊನೆಗೆ ನಿಕಾಸಿಯೊ ಅವರ ಬೂಟು ಝಾಡಿಸಿದ. ಕಾಲುಚೀಲದೊಳಗಿಂದ ಬಿತ್ತು.

"ಓ," ಅಂದರು ದೋನ್ ಔರೇಲಿಯೊ. ಅಷ್ಟೇ. ಓ.

ನದಿ ದಾಟುವಷ್ಟರಲ್ಲಿ ಹತ್ತೂವರೆ. ಆಮೇಲೆ ಸುಡುವ ಬಿಸಿಲಲ್ಲಿ ಏರು. ನಾಲ್ಕಕ್ಕೆ ಮರಂಪಾತ... ತಲುಪಲೇಬೇಕು.

ಅದೇ ದಿನ. ಸಾಂತಾ ರೋಸಾ, ಸಂಜೆ 4:15.

ತಲುಪಲಿಲ್ಲ.

ಅರ್ಧ ಏರಿನಲ್ಲೇ ಕೂತುಬಿಟ್ಟರು ದೋನ್ ಔರೇಲಿಯೊ. ಮುಖ ಟೊಮೇಟೊ. ಮೇಯರ್ ಮೇಲೆ ಹತ್ತಿ ಅಂದೆ. "ನಾನು ಮೂಟೆ ಅಲ್ಲ. ನಡ್ಕೊಂಡೇ ಹೋಗ್ತೀನಿ ಅಂತ ಒಪ್ಕೊಂಡಿದೀನಿ, ನಡ್ಕೊಂಡೇ ಹೋಗ್ತೀನಿ." ಹಾಗಾದರೆ ನಡೆಯಿರಿ ಸ್ವಾಮಿ! ಅದೂ ಇಲ್ಲ. ಇಪ್ಪತ್ತು ಹೆಜ್ಜೆ, ಗಡಿಯಾರ ನೋಡುವುದು, ಕೂರುವುದು. ಮತ್ತೆ ಇಪ್ಪತ್ತು ಹೆಜ್ಜೆ.

ಡಬ್ಬ ಬಿಚ್ಚಿ ನೋಡಿದೆ. ಒಂದು ಹೋರಿಯ ಕೊಂಬು ಮುರಿದಿದೆ.

ನಿಕಾಸಿಯೊ ಹೇಳಿದ, "ನೀನೊಬ್ಳೇ ಶಿಲುಬೆ ತಗೊಂಡು ಓಡ್ಹೋಗು ತಾಯಿ. ಎರಡು ಗಂಟೆ ದಾರಿ. ಇವ್ರನ್ನ ನಾನು ನೋಡ್ಕೋತೀನಿ." ಗುಂಪನ್ನು ಬಿಟ್ಟು ಹೋಗುವ ಹಾಗಿಲ್ಲ ಅಂದೆ. ಅಂದ ಮೇಲೆ ಬಾಯಿ ಕಹಿಯಾಯಿತು. ಇದೇ ಮಾತು ಹಿಂದೆ ಒಮ್ಮೆ ಆಡಿದ್ದೇನೆ.

ಮೇಲೆ ಈಗ ಊರಿಗೂರೇ ನೆರೆದಿರುತ್ತದೆ. ಮೆಕ್ಕೆಜೋಳದ ಹೆಂಡ ಚಿಚಾದ ಗಡಿಗೆ ತೆರೆದಿರುತ್ತದೆ. ತಗಡೆಲ್ಲ ಹೊಡೆದು ನೆತ್ತಿಯನ್ನು ಮಾತ್ರ ಬಿಟ್ಟು ದಾರಿ ನೋಡುತ್ತಿರುತ್ತಾರೆ. ಇಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಗ್ರಿಮಾಲ್ಡೊ ಏನೂ ಹೇಳುವುದಿಲ್ಲ. ಯಾವಾಗಲೂ ಏನೂ ಹೇಳುವುದಿಲ್ಲ. ಅದೇ ನನಗೆ ತಡೆಯಲಾಗದ್ದು.

ಮೇ 1, ಶುಕ್ರವಾರ. ಚೊಕೆಕಿರಾವು, ಮಧ್ಯಾಹ್ನ 2:30.

ಬೆಳಿಗ್ಗೆ ಎಂಟಕ್ಕೆ ಮರಂಪಾತ. ಗ್ರಿಮಾಲ್ಡೊ ಅಂಗಳದಲ್ಲಿ ಕತ್ತಿ ಮಸೆಯುತ್ತಿದ್ದ. ತಲೆ ಎತ್ತಲಿಲ್ಲ. ನೆತ್ತಿಯಲ್ಲಿ ಉದ್ದಕ್ಕೂ ಆಕಾಶ ಕಾಣುತ್ತಿತ್ತು. ನಿನ್ನೆ ಏಳರವರೆಗೆ ಕಾದರಂತೆ ಎಲ್ಲರೂ. ಚಿಚಾ ಮುಗಿಯಿತಂತೆ. ಜನ ಎದ್ದು ಹೋದರಂತೆ. ಎಲ್ಲ ಯುಲೋಹಿಯಾ ಹೇಳಿದ್ದು.

ಕ್ಷಮೆ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಿರ್ತಾ ನೋಟುಬುಕ್ಕು ಹಿಡಿದು ಮುಂದೆ ಬಂದರು. ಮನೆ ಕಡೆ ಕೈ ಚಾಚಿ, ತರಗತಿಯಲ್ಲಿ ಪಾಠ ಒಪ್ಪಿಸುವ ಹಾಗೆ ಜೋರಾಗಿ, "ವಾಸಿಂಚಿಸ್ ಸುಮಾಕ್!"

ನಮ್ಮೆಲ್ಲರ ಮನೆ ಚೆನ್ನಾಗಿದೆ ಅಂದಂತಾಯಿತು. ಆಲೂಗಡ್ಡೆ ಸುಲಿಯುತ್ತಿದ್ದ ಹೆಂಗಸರು ಚಾಕು ಕೆಳಗಿಟ್ಟರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅದಕ್ಕೇನಂತೆ, ಬನ್ನಿ ಅಮ್ಮಾ," ಅಂದಳು ಯುಲೋಹಿಯಾ. "ನಿಮ್ದೂ ಮನೆ ಅಂದ್ಮೇಲೆ ನೆಂಟರ ಥರ ನಿಂತ್ರೆ ಹೇಗೆ? ತಗೊಳ್ಳಿ ಚಾಕು!"

ಮಿರ್ತಾ ಕೂತೇಬಿಟ್ಟರು. ಕೂತವರು ಏಳಲಿಲ್ಲ. ಊರಿಂದೂರಿಗೆ ಬಂದು, ಎರಡು ದಿನ ಮೂಳೆ ಮುರಿದುಕೊಂಡು, ಇಂಕಾ ಅರಸರ ಪಾಳುಬಿದ್ದ ಊರು ಚೊಕೆಕಿರಾವು ಎರಡು ಗಂಟೆ ದೂರದಲ್ಲಿರುವಾಗ — "ನೀವು ಹೋಗ್ಬನ್ನಿ, ನಂಗಿಲ್ಲಿ ಕೆಲ್ಸ ಇದೆ."

ಗ್ರಿಮಾಲ್ಡೊ ಮಾತ್ರ ನಗಲಿಲ್ಲ. ಕತ್ತಿಯ ಮೇಲೆ ಕಣ್ಣಿಟ್ಟುಕೊಂಡೇ, "ನೋಡು. ಲಿಮಾದವ್ರೂ ಒಂದೇ ಬೆಳಿಗ್ಗೇಲಿ ಮನೆಯವ್ರಾದ್ರು" ಅಂದ. ಆಮೇಲೆ, "ಹೋಗು, ನಿನ್ನ ಗುಂಪಿಗೆ ಕಲ್ಲು ತೋರಿಸ್ಕೊಂಡು ಬಾ. ಐದಕ್ಕೆ ಜನಾನ ಇನ್ನೊಂದ್ಸಲ ಕರೆದಿದೀನಿ."

ಇನ್ನೊಂದು ಸಲ ಕರೆಯುವುದು ಅಂದರೆ ಎಷ್ಟು ಬಾಗಿಲಲ್ಲಿ ನಿಂತು ಕೇಳಿರಬೇಕು. ಅವನು ಕೇಳುವ ಜಾತಿಯವನಲ್ಲ.

ಹಾಗಾಗಿ ಇಲ್ಲಿ ನಾನು ಮತ್ತು ನೋಟರಿ, ಇಬ್ಬರೇ. ಮೋಡ. ಕಲ್ಲಿನ ಗೋಡೆ, ಕಲ್ಲಿನ ಬಾಗಿಲು, ಗೋಡೆಯೊಳಗೆ ಗೂಡು. ಒಂದು ಮನೆಗೂ ಮಾಡು ಇಲ್ಲ. ಯಾವಾಗಲೂ ಹೇಳುವ ಪಾಠ ಶುರುಮಾಡಿದೆ: ಮೆಟ್ಟಿಲು ಮೆಟ್ಟಿಲಾಗಿ ಗದ್ದೆ, ಗೋಡೆಯಲ್ಲಿ ಬಿಳಿ ಕಲ್ಲು ಕೂಡಿಸಿ ಮಾಡಿದ ಲಾಮಾ ಪ್ರಾಣಿಗಳು... ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಯಾರಿಗಾಗಿ ಗಂಟಲು ಹರಿದುಕೊಳ್ಳುತ್ತಿದ್ದೇನೆ! ಯಂತ್ರ ತೆಗೆದು ಜೇಬಿಗಿಟ್ಟಿರಬೇಕು.

ಸಿಟ್ಟು ಬಂತು. ಕೇಳಿಸದವರಿಗೆ ಏನು ಹೇಳಿದರೇನು ಎಂದು ಇದ್ದದ್ದನ್ನೇ ಹೇಳಿಬಿಟ್ಟೆ. ಮೂರು ವರ್ಷದ ಹಿಂದೆ, ಆಗಸ್ಟಿನಲ್ಲಿ, ಇದೇ ಅಂಗಳದಲ್ಲಿ ನಿಂತಿದ್ದೆ. ಹದಿನಾಲ್ಕು ಜನರ ಗುಂಪು. ಮರಂಪಾತದಿಂದ ಒಬ್ಬ ಓಡಿ ಬಂದ. ಅಮ್ಮನಿಗೆ ಉಸಿರು ಕಟ್ಟುತ್ತಿದೆ, ನಿನ್ನನ್ನೇ ಕೇಳುತ್ತಿದ್ದಾಳೆ ಅಂದ. ಗುಂಪನ್ನು ಬಿಟ್ಟು ಬರಲಾಗುವುದಿಲ್ಲ, ಮುಗಿಸಿಕೊಂಡು ಬರುತ್ತೇನೆ, ಇಲ್ಲೇ ತಾನೇ ಅಂದೆ. ಎರಡು ಗಂಟೆ ದಾರಿ. ಲಾಮಾಗಳನ್ನು ತೋರಿಸಿದೆ. ಪ್ರಶ್ನೆಗಳಿಗೆ ಉತ್ತರ ಕೊಟ್ಟೆ. ಫೋಟೊ ತೆಗೆದುಕೊಟ್ಟೆ. ತಲುಪಿದಾಗ ಗ್ರಿಮಾಲ್ಡೊ ಬಾಗಿಲಲ್ಲಿ ನಿಂತಿದ್ದ. "ಮಾಮಾಯ್ಕು ಹೋದಳು" ಅಂದ. ನಮ್ಮಮ್ಮ ಹೋದಳು. ನಿನ್ನದಲ್ಲದ ನಮ್ಮಮ್ಮ. ಒಂದು ಹೆಣ್ಣಿಗೆ ಅವಳ ತಾಯಿಯ ಬಗ್ಗೆ ಹೀಗೆ ಹೇಳಬಹುದೆಂದು ನನಗೆ ಗೊತ್ತಿರಲಿಲ್ಲ. ತಪ್ಪಿ ಆಡಿದ್ದಲ್ಲ. ನಮ್ಮ ಭಾಷೆಯಲ್ಲಿ ಅದನ್ನು ಯಾರೂ ತಪ್ಪಿ ಆಡುವುದಿಲ್ಲ.

ದೋನ್ ಔರೇಲಿಯೊ ಕಣ್ಣು ಬಿಟ್ಟರು. ಮಾಡು ಇಲ್ಲದ ಮನೆಯನ್ನು ನೋಡಿದರು. "ಐದು ಗಂಟೆಗಲ್ವಾ? ಹೊರಡೋಣ. ಲಾಮಾ ಬೇಡ ನಂಗೆ."

ಇಷ್ಟು ದೂರ ಬಂದು ಲಾಮಾ ಬೇಡವಂತೆ! ಆಫೀಸಿಗೆ ಏನೆಂದು ಬರೆಯಲಿ?

ಈಗ ಬೂಟಿನ ದಾರ ಕಟ್ಟುತ್ತಿದ್ದಾರೆ. ಇನ್ನೂ ಕಟ್ಟುತ್ತಿದ್ದಾರೆ.

ಮೇ 2, ಶನಿವಾರ. ಮರಂಪಾತ, ಬೆಳಿಗ್ಗೆ 6:10.

ರಾತ್ರಿ ಮಳೆ. ಈ ಕಾಲದಲ್ಲಿ ಮಳೆ ಯಾರು ಕೇಳಿದ್ದರು. ನಿಕಾಸಿಯೊ ಹೇಸರಗತ್ತೆಗಳಿಗೆ ಹೇರುತ್ತಿದ್ದಾನೆ. ಆರೂವರೆಗೆ ಬಿಟ್ಟರೆ ಬಿಸಿಲೇರುವ ಮೊದಲು ನದಿ. ಇಲ್ಲವಾದರೆ ದೋನ್ ಔರೇಲಿಯೊ ಮತ್ತೆ ಟೊಮೇಟೊ.

ನಿನ್ನೆ ಐದಕ್ಕೆ ಬಂದು ಮುಟ್ಟಿದೆವು. ದಾರಿಯುದ್ದಕ್ಕೂ ಅವರು ಒಮ್ಮೆಯೂ ದೂರ ಕೇಳಲಿಲ್ಲ, ಒಮ್ಮೆಯೂ ಕೂರಲಿಲ್ಲ. ಮೊನ್ನೆಯೆಲ್ಲ ಈ ಕಾಲು ಎಲ್ಲಿ ಅಡಗಿತ್ತೋ. ಜನ ಬಂದರು, ಗೊಣಗಿಕೊಂಡೇ. ಚಿಚಾದ ಮೊದಲ ಗುಟುಕು ಭೂಮಿಗೆ ಚೆಲ್ಲಿದೆ. ಗ್ರಿಮಾಲ್ಡೊ ಡಬ್ಬ ಬಿಚ್ಚಿ ಒಂಟಿಕೊಂಬಿನ ಹೋರಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದನ್ನೂ ಮುರ್ಕೊಂಡೇ ತಂದ್ಯಾ?" ಅಂದ. ಆದರೂ ಮುರಿದ ಕಡೆ ಊರಿಗೆ ಕಾಣದ ಹಾಗೆ ತಿರುಗಿಸಿ ನಿಲ್ಲಿಸಿದ.

ಏಣಿ ಹತ್ತಿ ಶಿಲುಬೆಯ ಬುಡಕ್ಕೆ ಮೊದಲ ಮೊಳೆ ಹೊಡೆದೆ. ಸೊಟ್ಟ ಹೋಯಿತು. ಕಿತ್ತು ಇನ್ನೊಂದು ಹೊಡೆದೆ. ಅದೂ ಸೊಟ್ಟ. ಎಲ್ಲರೂ ಚಪ್ಪಾಳೆ ತಟ್ಟಿ ನೆತ್ತಿಯ ತಗಡು ಮುಚ್ಚಿದರು. ಗ್ರಿಮಾಲ್ಡೊ ಕೆಳಗೆ ಏಣಿ ಹಿಡಿದುಕೊಂಡು ನಿಂತಿದ್ದ. ಉಂಡೆವು. ಮಿರ್ತಾ ಕುಣಿದರು. ಅವನು ನನ್ನ ತಟ್ಟೆಗೆ ಗಿನಿಹಂದಿಯ ತಲೆ ಹಾಕಿದ, ಧರ್ಮತಾಯಿಯ ಪಾಲು. ಅದು ಶಾಸ್ತ್ರ. ಹಾಕಲೇಬೇಕು. ಅದಕ್ಕೆ ಬೇರೆ ಅರ್ಥ ಕಟ್ಟಿಕೊಳ್ಳುವುದು ಬೇಡ ಎಂದುಕೊಂಡೆ.

6:25.

ಒಳಗಿನಿಂದ ಗ್ರಿಮಾಲ್ಡೊ ಕೂಗು. "ಹೆರ್ಮೆಲಿಂಡಾ! ಏ ಹೆರ್ಮೆಲಿಂಡಾ! ನೀನು ಹೊಡೆದ ಮೊಳೆ ಹತ್ರಾನೇ ತೂತು! ವಾಸಿಂಚಿಸ್ ಸೋರ್ತಿದೆ, ಬಂದು ನೋಡಿಲ್ಲಿ!"

ಕೈಯಲ್ಲಿದ್ದ ಹಗ್ಗ ಕೆಳಗೆ ಬಿತ್ತು.

ನಿಕಾಸಿಯೊನನ್ನು ಕೇಳಿದೆ, "ಏನಂದ ಅವ್ನು?"

"ಸೋರ್ತಿದೆ ಅಂದ."

"ಅದಲ್ಲ. ಅದಕ್ಕೆ ಮುಂಚೆ."

"ಮನೆ ಅಂದ. ಮನೆ ಸೋರದೆ ಇನ್ನೇನು ಕತ್ತೆ ಸೋರತ್ತಾ?"

ಈ ಮುದುಕನ ಹತ್ತಿರ ಕೇಳಿದ್ದು ನನ್ನದೇ ತಪ್ಪು. ಅಷ್ಟರಲ್ಲಿ ಎರಡನೇ ಸಲ ಕೂಗಿದ. ಅದೇ ಮಾತು. ಪದದ ಕೊನೆಯಲ್ಲಿ ಅದೇ ಇಂಚಿಸ್. ಮಿರ್ತಾ ಮಾತು ಮನೆಯಲ್ಲಿ ತಮಾಷೆಯಾಗಿ ಓಡಾಡುತ್ತಿದೆಯೋ, ಇಲ್ಲ ನಿದ್ದೆಗಣ್ಣಿನಲ್ಲಿ ಬಂತೋ, ಇಲ್ಲ... ಕೇಳುವುದಿಲ್ಲ. ಸಾಯುವವರೆಗೂ ಕೇಳುವುದಿಲ್ಲ. ಅಳು ಬಂತು, ಸಿಟ್ಟೂ ಬಂತು. ಮೂರು ವರ್ಷ ಬೇಕಾಯಿತೇ ಕತ್ತೆಗೆ, ಅದೂ ಬೈಯುವುದಕ್ಕೆ!

ದೋನ್ ಔರೇಲಿಯೊ ಕೋಲು ಹಿಡಿದು ಸಿದ್ಧವಾಗಿ ನಿಂತಿದ್ದಾರೆ. ಜೀವಮಾನದಲ್ಲಿ ಮೊದಲ ಸಲ ಸಮಯಕ್ಕೆ ಸರಿಯಾಗಿ. ಇನ್ಯಾವತ್ತೂ ಸಿಗಲಿಲ್ಲವೇ ಇವರಿಗೆ. ಹತ್ತಿರ ಹೋಗಿ ಹೇಳಿದೆ, "ಸರ್, ನೀವು ಕಾಯ್ಬೇಕಾಗತ್ತೆ."

"ಎಷ್ಟು ಹೊತ್ತು?"

"ಇಲ್ಲೇ, ಸ್ವಲ್ಪ."

ಬರೆದುಕೊಡು ಅನ್ನಲಿಲ್ಲ. ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡು ಆಲೂಗಡ್ಡೆ ಮೂಟೆಯ ಮೇಲೆ ಕೂತರು. "ಹೋಗು, ಹೆರ್ಮೆಲಿಂಡಾ." ಪೂರ್ತಿ ಹೆಸರು. ಆಮೇಲೆ ಕಿವಿ ಮುಟ್ಟಿ ತೋರಿಸಿದರು. "ನಿನ್ನೆ ಅಲ್ಲಿ ಯಂತ್ರ ಕಿವಿಯಲ್ಲೇ ಇತ್ತಮ್ಮ."

ಹಾಳಾದ ಮುದುಕ.

ಗುಂಪು ಕಾಯಲಿ. ನದಿ ಕಾಯಲಿ. ಡಾಂಬರಿನ ಡಬ್ಬ ಎಲ್ಲಿಟ್ಟಿದ್ದಾಳೋ ಯುಲೋಹಿಯಾ. ಮೂರನೇ ಸಲ ಕೂಗುತ್ತಿದ್ದಾನೆ, ಊರಿಗೆಲ್ಲ ಕೇಳುವ ಹಾಗೆ. ಬಂದೆ ಮಾರಾಯ, ಬಂದೆ, ಏಣಿ ಹಿಡ್ಕೊಂಡು ನಿಂತ್ಕೋ!