ಬಾಯಿಯಿಂದ ಬೆರಳಗಲ ಕೆಳಗೆ

ಅಪ್ಪಾ,

ನೀನು ಹೋದ ಮೇಲೆ ಮೊದಲ ಸಲ, ಇವತ್ತು ಗುಜರಿಯಲ್ಲಿ ನಾನೊಬ್ಬಳೇ ನಿಂತು ಹಳೆಯ ಎಂಜಿನ್ ಬ್ಲಾಕ್ ಕೊಂಡೆ. ಪಿಸ್ಟನ್ ಓಡಾಡುವ ನಾಲ್ಕು ಬೋರೂ ಫಳಫಳ ಹೊಳೆಯುತ್ತಿದ್ದವು. ಮರುಳಾಗಲಿಲ್ಲ. ಗೇಜನ್ನು ಬ್ಲಾಕಿನ ಪಕ್ಕದಲ್ಲೇ ಅರ್ಧ ಗಂಟೆ ಇಟ್ಟು ಕೂತೆ. ಎರಡೂ ಒಂದೇ ತಂಪಿಗೆ ಬರದಿದ್ದರೆ ಅಳತೆ ಸುಳ್ಳು ಹೇಳುತ್ತದೆ ಎನ್ನುತ್ತಿದ್ದೆಯಲ್ಲ.

"ಏನಮ್ಮಾ, ಕಬ್ಬಿಣಕ್ಕೆ ಜ್ವರ ಬಂದಿದ್ಯಾ? ಪಕ್ಕ ಕೂತು ಕಾಯ್ತಿದ್ದೀಯಲ್ಲ!" ಅಂದ ಗುಜರಿಯವನು.

"ಬಂದಿದ್ಯೋ ಇಲ್ವೋ ಅಂತಾನೇ ನೋಡ್ಬೇಕು" ಅಂದೆ.

ಮೇಲೆ, ನಡುವೆ, ಕೆಳಗೆ, ಉದ್ದಕ್ಕೂ ಅಡ್ಡಕ್ಕೂ ಅಳೆದೆ. ಕೊನೆಯ ಬೋರಿನಲ್ಲಿ, ಬಾಯಿಯಿಂದ ಬೆರಳಗಲ ಕೆಳಗೆ ಗೇಜು ಇಳಿಸಿದೆ. ಹೆಚ್ಚು ಸವೆಯುವುದು ಅಲ್ಲೇ. ಮುಳ್ಳು ಕೂದಲೆಳೆಯಷ್ಟು ಸರಿದು ನಿಂತಿತು. ಸವೆದಿಲ್ಲ! ಉಸ್ಸಪ್ಪಾ ಎಂದು ಅಲ್ಲೇ ಒಂದು ಟಯರಿನ ಮೇಲೆ ಕೂತು ಒಬ್ಬಳೇ ನಕ್ಕೆ.

ಅಂದು ನಮ್ಮಲ್ಲಿಗೆ ರಿಪೇರಿಗೆ ಬಂದಿದ್ದ ಆ ಲಾರಿಯ ಬ್ಲಾಕನ್ನು ನಾನು ಬಾಯಿಯ ಅಂಚಿನಲ್ಲಿ ಮಾತ್ರ ಅಳೆದಿದ್ದೆ. ಪಿಸ್ಟನ್ನಿನ ರಿಂಗು ತಾಗದ ಜಾಗ ಅದು, ಯಾವಾಗಲೂ ಹೊಸದರಂತೆಯೇ ಇರುತ್ತದೆ. ಮಗಳು ಅಳೆದದ್ದೆಂದು ನೀನು ಮರಳಿ ಅಳೆಯದೆ ಜೋಡಿಸಿದೆ. ಲಾರಿ ಹೊಗೆ ಕಾರುತ್ತಾ ವಾಪಸ್ಸು ಬಂದಾಗ ನೀನೇ ಎಂಜಿನ್ ಬಿಚ್ಚಿ, ಬೋರಿನೊಳಗೆ ಉಗುರು ಆಡಿಸಿದೆ. ಅಂಚಿನ ಕೆಳಗೆ, ಸವೆದ ತಗ್ಗಿನಲ್ಲಿ ಉಗುರು ತಟ್ಟನೆ ತಡೆದು ನಿಂತಿತು. ಅಷ್ಟರಲ್ಲಿ ನಾನು ಗಿರಾಕಿಗೆ, "ಜೋಡ್ಸಿದ್ದು ಅಪ್ಪ, ನಾನಲ್ಲ" ಅಂದುಬಿಟ್ಟಿದ್ದೆ.

ನೀನು ಬೆರಳು ಒರೆಸಿಕೊಂಡು, "ಹೌದು ಸ್ವಾಮಿ, ವಯಸ್ಸಾಯ್ತು, ಕೈ ನಡುಗುತ್ತೆ" ಅಂದೆ.

ಇವತ್ತು ಎಲ್ಲ ಅಳೆದಾದ ಮೇಲೆ ನಾನೂ ಉಗುರು ಆಡಿಸಿ ನೋಡಿದೆ. ಎಲ್ಲಿಯೂ ತಡೆಯಲಿಲ್ಲ. ನಾಳೆ ಪಿಸ್ಟನ್ ಇಳಿಸುತ್ತೇನೆ.

ನಿನ್ನ ಕೈ ನಡುಗಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ, ಅಪ್ಪ.