ಇಪ್ಪತ್ತು ಡಿಗ್ರಿಯ ಕಡುಬು

ಡಿಸೆಂಬರ್ 3, ಬೆಳಿಗ್ಗೆ 10
ಹದಿನಾಲ್ಕನೇ ಸ್ಯಾಂಪಲ್. ಅಂಟು ಅಳೆಯುವ ಯಂತ್ರದ ದಂಡ ಎರಡು ಸಲ ಇಳಿದು ಒತ್ತುತ್ತದೆ, ಎರಡು ಸಲ ಅಗಿದಂತೆ. ಹಲ್ಲಿಲ್ಲದ ಮುದುಕರಿಗೆಂದು ಮಾಡಿದ ಹೊಸ ವರ್ಷದ ಮೋಚಿ, ಅಕ್ಕಿಯ ಮೆತ್ತನೆ ಕಡುಬು. ನಲವತ್ತೈದು ಡಿಗ್ರಿ ಬಿಸಿಯಲ್ಲಿ ಪಾಸ್. ಇಪ್ಪತ್ತಕ್ಕೆ ಆರಿದಾಗ ಅಂಟು ಮಿತಿಯ ಎರಡರಷ್ಟು. ಮತ್ತೆ ಅಳೆದೆ. ಅಷ್ಟೇ.

ಡಿಸೆಂಬರ್ 5
ಸೆಕ್ಷನ್ ಚೀಫ್ ತೊರಿಗೋಯೆ ರಿಪೋರ್ಟ್ ತಂದಿಟ್ಟರು. ಇಪ್ಪತ್ತು ಡಿಗ್ರಿಯ ಅಳತೆ, ಆ ತಣ್ಣನೆಯ ಸಾಲೇ ಇಲ್ಲ. ಈ ಕಡುಬು ಹಾಕುವ ಹೊಸ ವರ್ಷದ ಸಾರನ್ನು ಯಾರೂ ಆರಿಸಿ ಕುಡಿಯುವುದಿಲ್ಲವಂತೆ. ನಮ್ಮಲ್ಲಿ ಮೊದಲು ಕೆಳಗಿನವರು ಹೆಸರಿನ ಮುದ್ರೆ ಒತ್ತಬೇಕು, ಮೇಲಿನವರ ಚೌಕದ ಕಡೆ ಚೂರು ಬಾಗಿಸಿ — ಕಾಗದದ ಮೇಲೂ ನಮಸ್ಕಾರ. ಈ ಸಲ ಮೇಲಿನ ಮೂವರದು ಆಗಲೇ ಬಿದ್ದಿದೆ. ನನ್ನದೊಂದೇ ಬಾಕಿ...

ಡಿಸೆಂಬರ್ 9
ಥರ್ಮಾಮೀಟರ್ ಹಿಡಿದು ವೃದ್ಧಾಶ್ರಮಕ್ಕೆ ಹೋದೆ. ಉಕಾಯ್ ಅಜ್ಜಿ, ತೊಂಬತ್ತೊಂದು. ಒಂದು ಬಟ್ಟಲು ಸಾರಿಗೆ ಐವತ್ತು ನಿಮಿಷ. ಕೊನೆಯ ಗುಟುಕು ಇಪ್ಪತ್ತೊಂದು ಡಿಗ್ರಿ. ಆರಿದ ಕಡುಬು ಗಂಟಲಿಗೆ ಅಂಟೀತೆಂಬ ಭಯಕ್ಕೆ ಬಂದೆ ಅಂತ ಹೇಳಿದೆ. ನಕ್ಕಳು.
"ಏಳು ವರ್ಷ ಆಯ್ತು ಕಣೆ ಕಡುಬು ತಿಂದು. ಗಂಟಲು ನಂದು, ಭಯ ನಿಂದಾ?"
ಥರ್ಮಾಮೀಟರ್ ಒರೆಸಿ ಚೀಲಕ್ಕೆ ಹಾಕಿಕೊಂಡೆ.

ಡಿಸೆಂಬರ್ 10
ತಣ್ಣನೆಯ ಸಾಲನ್ನು ಪೆನ್ನಿನಲ್ಲಿ ಬರೆದೆ. ಮುದ್ರೆ ಒತ್ತಿದೆ, ನೆಟ್ಟಗೆ. ಆ ಸಾಲಿರುವ ಕಾಗದದ ಮೇಲೆ ಮಾಲು ಹೊರಡುವುದಿಲ್ಲ. ತೊರಿಗೋಯೆ ಕಾಗದ ಎತ್ತಿ ನೋಡಿದರು.
"ಮುದ್ರೆ ಸೊಕ್ಕಿನಿಂದ ನಿಂತಿದೆಯಲ್ರೀ, ಸಕಾಕುರಾ ಅವರೇ."
ಹೌದು. ಸೊಕ್ಕೇ.

ಡಿಸೆಂಬರ್ 26, ಮಧ್ಯಾಹ್ನ 3
ನಾಲ್ಕನೇ ಹೊಸ ಫಾರಂ. ಹಿಂದಿನ ಮೂರರಲ್ಲೂ ಅದೇ ತಣ್ಣನೆಯ ಸಾಲು ಬರೆದು ವಾಪಸ್ ಕಳಿಸಿದ್ದೆ. ಜನವರಿಯಿಂದ ನನಗೆ ಲೇಬಲ್ ವಿಭಾಗಕ್ಕೆ ವರ್ಗ — ನೋಟಿಸ್ ಬಂದಿದೆ. ಇವತ್ತೇ ಕೊನೆಯ ಲಾರಿ. ತೊರಿಗೋಯೆ ಬಾಗಿಲಲ್ಲಿ ನಿಂತು, ಲಾರಿ ಕಾಯ್ತಿದೆ ಅಂದರು.
"ಕಾಯ್ಲಿ. ಇದು ಆರೋಕೆ ಇನ್ನೂ ಹತ್ತು ನಿಮಿಷ ಬೇಕು."
ಕೂತರು. ಹನ್ನೊಂದು ವರ್ಷದಲ್ಲಿ ಈ ಯಂತ್ರದ ಮುಂದೆ ಮೊದಲ ಸಲ. ಪರದೆಯ ಮೇಲೆ ಗೆರೆ ಗುಡ್ಡದಂತೆ ಏರಿತು, ಇಳಿದು ಹಳ್ಳಕ್ಕೆ ಬಿತ್ತು. ಆ ಹಳ್ಳ ಏನು ಅಂತ ಕೇಳಿದರು.
"ದಂಡ ಮೇಲೆ ಬರ್ತಿದೆ, ಕಡುಬು ಬಿಡ್ತಿಲ್ಲ. ಗಂಟಲಲ್ಲೂ ಬಿಡಲ್ಲ."
ನನ್ನ ಮುದ್ರೆ ಬೀಳದ ಫಾರಂ ಮಡಚಿ ಜೇಬಿಗಿಟ್ಟುಕೊಂಡು ಎದ್ದು ಹೋದರು.

ಸಂಜೆ 5
ಲಾರಿ ಖಾಲಿ ಹೋಯಿತು. ನೋಟಿಸ್ ಮಾತ್ರ ಬದಲಾಗಿಲ್ಲ. ಬದಲಾಗುವುದೂ ಬೇಡ. ಲೇಬಲ್ ಅಂಟಿಸುತ್ತೇನೆ, ಬಾಗುವುದಿಲ್ಲ. ಅಜ್ಜಿಗೆ ನಾನೇ ಹೋಗಿ ಹೇಳಬೇಕು. ಈ ಸಲವೂ ಕಡುಬಿಲ್ಲ, ಮುಂದಿನ ವರ್ಷ ಖಂಡಿತ ಅಂತ. ತೊಂಬತ್ತೊಂದರವಳಿಗೆ ಮುಂದಿನ ವರ್ಷ ಅಂದರೆ —