ಮೂರನೆಯ ಸಲವೂ ಬೇಡ ಎಂದೆ

ಅಪ್ಪಾ,

ಕೋಪ ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ಸರಿಯೇ, ಈ ಸಲ ನಾನು ಬಾಯಿ ಮುಚ್ಚಿಕೊಂಡು ಕೂರಲಿಲ್ಲ.

ಮೈಸೂರು ಬಿಟ್ಟು ದಕ್ಷಿಣ ಭೂತಾನದ ಶಾಲೆಗೆ ನೀವು ಮೇಷ್ಟ್ರಾಗಿ ಹೋದ ಹೊಸತು ನೆನಪಿದೆಯಾ? ಮನೆಗೆ ಬಂದ ಹೆಡ್‌ಮಾಸ್ಟರಿಗೆ ಉಪ್ಪಿಟ್ಟು ಕೊಟ್ಟಿರಿ. ಅವರು ಬಾಯಿಗೆ ಕೈ ಅಡ್ಡ ಹಿಡಿದು ಬೇಡ ಎಂದರು. ನೀವು ತಟ್ಟೆಯನ್ನು ಒಳಗೆ ಕಳಿಸಿಯೇಬಿಟ್ಟಿರಿ! ಅಲ್ಲಿ ಮೊದಲೆರಡು 'ಬೇಡ' ಬರೀ ಮರ್ಯಾದೆಗೆ, ಮೂರನೆಯದೇ ನಿಜ ಎಂದು ಗೊತ್ತಾದ ಮೇಲೆ ಅಮ್ಮ ನಿಮ್ಮನ್ನು ರೇಗಿಸಿದ್ದೇ ರೇಗಿಸಿದ್ದು.

ಹತ್ತನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ದೇವಿಮಾಯಾಳನ್ನು ಮರೆತಿಲ್ಲ ತಾನೆ? ಅವಳ ಮುತ್ತಜ್ಜ ನೇಪಾಳದಿಂದ ಬಂದು ಅಲ್ಲಿನ ಕಾಡು ಕಡಿದು ಏಲಕ್ಕಿ ಬೆಳೆದವರು. ಉತ್ತರದವರ ಉಡುಪನ್ನೇ ಎಲ್ಲರೂ ತೊಡಬೇಕು ಎಂದಿತು ಸರ್ಕಾರ. ಶಾಲೆಯಿಂದ ನೇಪಾಳಿ ಪಾಠ ತೆಗೆಯಿತು. ೧೯೫೮ರ ಕಂದಾಯದ ರಸೀತಿ ತೋರಿಸಿ, ಇಲ್ಲದಿದ್ದರೆ ನೀವು ಪ್ರಜೆಗಳೇ ಅಲ್ಲ ಎಂದಿತು. ಅವಳ ಮನೆಯವರು ದೇಶ ಬಿಟ್ಟು ಲಾರಿ ಹತ್ತಿದ ಬೆಳಿಗ್ಗೆ ನೀವು ಕಿಟಕಿ ಮುಚ್ಚಿ, "ನಾವು ಹೊರಗಿನೋರು ಕಣಮ್ಮಾ, ನಮಗ್ಯಾಕೆ" ಎಂದಿರಿ. ಆ ದಿನವೆಲ್ಲ ಊಟ ಮಾಡಲಿಲ್ಲ. ಅದನ್ನೂ ನೋಡಿದ್ದೇನೆ. ಆದರೆ ನೀವು ಊಟ ಬಿಟ್ಟರೆ ಅವರಿಗೆ...

ಕಳೆದ ವಾರ ಇಲ್ಲಿ, ಹಾಲೆಂಡಿನ ಹೇಗ್‌ನಲ್ಲಿ, ಭೂತಾನದ ಚರಿತ್ರೆಯ ಮೇಲೆ ನನ್ನ ಎಂ.ಎ. ಪ್ರಬಂಧದ ಮಂಡನೆಯಿತ್ತು. ಥಿಂಪುವಿನಿಂದ ಬಂದಿದ್ದ ನಿವೃತ್ತ ಹಿರಿಯ ಅಧಿಕಾರಿಯೊಬ್ಬರು ಮೊದಲೇ ಅದನ್ನು ಓದಿದ್ದರು. ಮಂಡನೆಗೆ ಮುಂಚೆ ಕಾಫಿ ಕುಡಿಯುತ್ತಾ, "ರಾಜವಂಶ, ಮಠಗಳು, ಹೊಸ ರಸ್ತೆ, ಎಲ್ಲ ಚೆನ್ನಾಗಿದೆ. ದಕ್ಷಿಣದವರ ಆ ಅಧ್ಯಾಯವೊಂದನ್ನು ಕೈಬಿಡಿ, ಭೂತಾನಕ್ಕೆ ಹೋಗಲು ಪರ್ಮಿಟ್ ನಾನು ಕೊಡಿಸುತ್ತೇನೆ" ಎಂದರು. "ಒಂದ್ಸಲ ಆ ಸ್ಕೂಲು ನೋಡ್ಕೊಂಡು ಬಾ" ಎಂದು ಆಸ್ಪತ್ರೆಯಲ್ಲಿ ನೀವು ಕೇಳಿದ್ದು ನೆನಪಾಯಿತು. ಬೇಡ ಎಂದೆ. ಅವರು ನಕ್ಕು ಮತ್ತೆ ಕೇಳಿದರು. ಬೇಡ. ಮೂರನೆಯ ಸಲ ಕೇಳಿದಾಗಲೂ ಬೇಡ ಎಂದೆ. ಅವರ ನಗು ನಿಂತಿತು. ಆ ದೇಶದವರಲ್ಲವೇ, ನಾಲ್ಕನೆಯ ಸಲ ಕೇಳಲಿಲ್ಲ. ಆ ಅಧ್ಯಾಯವನ್ನು ಒಂದು ಸಾಲೂ ಬಿಡದೆ ಓದಿದೆ.

ಪಕ್ಕದ ಊರು ರೈಸ್‌ವೈಕ್‌ನಲ್ಲಿ ನನ್ನ ಜೊತೆ ಕೋಣೆಯಲ್ಲಿರುವ ಧಾರವಾಡದ ವೀಣಾ ಟ್ರ್ಯಾಮಿನಲ್ಲಿ ದಾರಿಯುದ್ದಕ್ಕೂ ಬೈದಳು. "ನಿನಗ್ಯಾಕ ಬೇಕಿತ್ತವಾ ಈ ಉಸಾಬರಿ? ಪರ್ಮಿಟ್ ಇಸ್ಕೊಂಡು ಸುಮ್ಮನಿರಬೇಕಿತ್ತಿಲ್ಲೋ!"

"ಬೇಕಿತ್ತು ಕಣೇ" ಎಂದೆ. ಬೇಕಿತ್ತು, ಅಪ್ಪಾ. ಹೊರಗಿನವರೂ ಹೇಳದಿದ್ದರೆ ಇನ್ಯಾರು ಹೇಳಬೇಕು?

ನಿಮಗೆ ಗೊತ್ತಿಲ್ಲದ ಸುದ್ದಿಯೊಂದಿದೆ. ಮಂಡನೆ ಮುಗಿದ ಮೇಲೆ, ನಾನು ಓದಿದ್ದರಲ್ಲಿ ದೇವಿಮಾಯಾಳ ಹೆಸರು ಕೇಳಿ, ಡಚ್ ನರ್ಸ್ ಒಬ್ಬಾಕೆ ಹತ್ತಿರ ಬಂದಳು. ನೇಪಾಳದ ಝಾಪಾದಲ್ಲಿ, ನಿರಾಶ್ರಿತರ ಶಿಬಿರದಲ್ಲಿ ಕೆಲಸ ಮಾಡಿದವಳು. ದೇವಿಮಾಯಾ ಬದುಕಿದ್ದಾಳೆ! ಅಲ್ಲಿನ ಬಿದಿರಿನ ಶಾಲೆಯಲ್ಲಿ ಟೀಚರ್ ಅಂತೆ. ತನ್ನನ್ನು ಹೊರಹಾಕಿದ ದೇಶದ ಚರಿತ್ರೆಯನ್ನೇ ಮಕ್ಕಳಿಗೆ ಕಲಿಸುತ್ತಾಳಂತೆ. ಪರಿಚಯವಾದ ಭಾರತದವರನ್ನೆಲ್ಲ, ನಮ್ಮ ಮೈಸೂರಿನ ಸರ್ ಗೊತ್ತಾ ಎಂದು ಕೇಳುತ್ತಾಳಂತೆ.

ಬೇಸಿಗೆ ರಜೆಗೆ ನಾನು ಝಾಪಾಕ್ಕೆ ಹೊರಟಿದ್ದೇನೆ. ಅವಳ ಕ್ಲಾಸಿನಲ್ಲಿ ನಿಮ್ಮ ಬದಲು ಒಂದು ದಿನ ಪಾಠ ಮಾಡುತ್ತೇನೆ. ಅಲ್ಲಿನವರು ಬಿಟ್ಟುಬಂದ ಊರುಗಳ ಹೆಸರನ್ನು ಬೋರ್ಡಿನ ಮೇಲೆ ಬರೆದು, ಮಕ್ಕಳಿಂದ ಗಟ್ಟಿಯಾಗಿ ಓದಿಸುತ್ತೇನೆ. ನೀವಿನ್ನಿಲ್ಲ ಎಂದು ಅವಳಿಗೆ ಆಮೇಲೆ ಹೇಳುತ್ತೇನೆ.

ನಿಮ್ಮ ಮಗಳು